ಸೀಟ್‌ಬೆಲ್ಟ್ ಬಕಲ್: ತಾನಾಗಿ ಬಿಚ್ಚಬಾರದು, ಬೇಕಾದಾಗ ಬಿಚ್ಚದೆ ಇರಬಾರದು

ಕಳೆದ ವರ್ಷ ತುಮಕೂರಿನಿಂದ ಬೆಂಗಳೂರಿಗೆ ಶೇರ್ ಕ್ಯಾಬ್‌ನಲ್ಲಿ ಬರ್ತಿದ್ದೆ. ಹಿಂದಿನ ಸೀಟಿನ ಎಡಗಡೆ ಜಾಗ. ಸೀಟ್ ಕವರ್ ಅಡಿ ಕೈಹಾಕಿ ಬಕಲ್ ಹುಡುಕಿ ಬೆಲ್ಟ್ ಹಾಕಿಕೊಂಡೆ. ನೆಲಮಂಗಲ ದಾಟಿದ ಮೇಲೆ ಡ್ರೈವರ್ ಒಮ್ಮೆ ಜೋರಾಗಿ ಬ್ರೇಕ್ ಹಾಕಿದರು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ನೋಡಿದರೆ ಬೆಲ್ಟ್ ಬಿಚ್ಚಿಕೊಂಡಿತ್ತು. ಪಕ್ಕದವರ ಲ್ಯಾಪ್‌ಟಾಪ್ ಬ್ಯಾಗಿನ ಮೂಲೆ ಬಕಲ್‌ನ ಕೆಂಪು ಗುಂಡಿಯ ಮೇಲೆ ಕೂತಿತ್ತು. ಡ್ರೈವರ್ ಅಂದಿದ್ದಿಷ್ಟು: "ಆ ಬಕಲ್ ಸ್ವಲ್ಪ ಹಂಗೇ ಸಾರ್. ಹಿಂದೆ ಯಾರೂ ಹಾಕಲ್ವಲ್ಲ, ಅದಕ್ಕೆ ಬಿಟ್ಟಿದೀನಿ."

ಪೆಟ್ಟು ದೊಡ್ಡದಲ್ಲ. ಆದರೆ ಆ ಪುಟ್ಟ ಡಬ್ಬಿಯ ಬಗ್ಗೆ ಓದೋದಕ್ಕೆ ಶುರು ಮಾಡಿದೆ. ತಿಳಿದುಕೊಂಡದ್ದನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಕೊನೆಯಲ್ಲಿ ನನ್ನದೊಂದು ತಕರಾರೂ ಇದೆ.

ಬಕಲ್ ಒಳಗೆ ಏನಿದೆ?

ಬೆಲ್ಟಿನ ತುದಿಯಲ್ಲಿರುವ ಲೋಹದ ನಾಲಗೆಯಲ್ಲಿ ಒಂದು ಕಿಂಡಿ ಇರುತ್ತದೆ. ಅದು ಬಕಲ್ ಒಳಗೆ ಹೋದಾಗ ಒಂದು ಕೊಂಡಿ ಆ ಕಿಂಡಿಯಲ್ಲಿ ಬೀಳುತ್ತದೆ. ಕೊಂಡಿ ಮತ್ತೆ ಮೇಲೇಳದ ಹಾಗೆ ಇನ್ನೊಂದು ಚಿಕ್ಕ ತುಂಡು ಅದರ ಮೇಲೆ ಬಂದು ಕೂರುತ್ತದೆ. ಕೆಂಪು ಗುಂಡಿ ಒತ್ತಿದಾಗ ನಾವು ಸರಿಸುವುದು ಆ ಚಿಕ್ಕ ತುಂಡನ್ನು. ಅದು ಸರಿದ ಮೇಲೆ ಕೊಂಡಿ ಎದ್ದು, ಒಳಗಿನ ಸ್ಪ್ರಿಂಗ್ ನಾಲಗೆಯನ್ನು ಹೊರಗೆ ತಳ್ಳುತ್ತದೆ.

ಆ ಸ್ಪ್ರಿಂಗ್‌ಗೆ ಇನ್ನೊಂದು ಮುಖ್ಯ ಕೆಲಸ ಇದೆ. ನಾಲಗೆ ಪೂರ್ತಿ ಒಳಗೆ ಹೋಗಿ ಕೊಂಡಿ ಬೀಳದಿದ್ದರೆ ಅದನ್ನು ಹೊರಗೆ ಹಾಕಬೇಕು. ಅರ್ಧ ಸಿಕ್ಕಿಕೊಂಡು 'ಹಾಕಿದೆ' ಅನ್ನಿಸುವ ಬೆಲ್ಟ್, ಹಾಕದೇ ಇರುವ ಬೆಲ್ಟಿಗಿಂತ ಮೋಸ. ಹಾಗಾಗಿ ಒಳ್ಳೆಯ ಬಕಲ್‌ಗೆ ಎರಡೇ ಸ್ಥಿತಿ: ಪೂರ್ತಿ ಹಾಕಿದ್ದು, ಪೂರ್ತಿ ಬಿಚ್ಚಿದ್ದು. ನಡುವೆ ಏನೂ ಇರಬಾರದು.

ತಾನಾಗಿ ಬಿಚ್ಚೋದು ಹೇಗೆ?

ಮೊದಲನೆಯದು ನನಗಾದದ್ದು: ಮೊಣಕೈಯೋ ಬ್ಯಾಗೋ ಗುಂಡಿಯನ್ನು ಒತ್ತುವುದು. ಇದಕ್ಕೆ ವಿನ್ಯಾಸಕಾರರ ಉತ್ತರ ಸರಳ. ಗುಂಡಿಯನ್ನು ಬಕಲ್‌ನ ಅಂಚಿಗಿಂತ ಸ್ವಲ್ಪ ಒಳಗೆ ಕೂರಿಸುತ್ತಾರೆ. ಬೆರಳು ಒಳಗೆ ಹೋಗುತ್ತದೆ, ಅಗಲವಾದ ವಸ್ತು ಅಂಚಿಗೆ ತಡೆದು ನಿಲ್ಲುತ್ತದೆ. ಚೂಪು ಮೂಲೆಯ ಎದುರು ಇದಕ್ಕೆ ಅಷ್ಟು ಬಲ ಇಲ್ಲ. ಅದಕ್ಕೇ ಬಕಲ್ ಅನ್ನು ಸೀಟಿನ ಸಂದಿಯಲ್ಲಿ, ಸೊಂಟದ ಪಕ್ಕ ತಗ್ಗಿನಲ್ಲಿ ಇಡುತ್ತಾರೆ. ದಪ್ಪ ಸೀಟ್ ಕವರ್ ಹಾಕಿಸಿದಾಗ ಬಕಲ್ ಮೇಲಕ್ಕೆದ್ದು ಓರೆಯಾಗುತ್ತದೆ, ಆ ರಕ್ಷಣೆ ಹೋಗುತ್ತದೆ.

ಎರಡನೆಯದು ಜಡತ್ವ. ಗುಂಡಿಗೂ ತೂಕ ಇದೆ. ಬಕಲ್ ಒಮ್ಮೆಲೇ ಚಲಿಸಿ ಒಮ್ಮೆಲೇ ನಿಂತರೆ, ಬಸ್ ನಿಂತಾಗ ನಾವು ಮುಂದೆ ವಾಲುವ ಹಾಗೆ, ಗುಂಡಿ ಚಲಿಸುತ್ತಲೇ ಹೋಗಲು ನೋಡುತ್ತದೆ. ಈಗಿನ ಕಾರುಗಳಲ್ಲಿ ಡಿಕ್ಕಿಯಾದ ತಕ್ಷಣ ಬೆಲ್ಟ್ ಬಿಗಿಯುವ ಪ್ರಿಟೆನ್ಷನರ್ ಇರುತ್ತದೆ. ಕೆಲವು ಮಾದರಿಗಳಲ್ಲಿ ಅದು ಬಕಲ್ಲನ್ನೇ ಕೆಳಗೆ ಎಳೆದು ತಟ್ಟನೆ ನಿಲ್ಲಿಸುತ್ತದೆ. ಆಗ ಗುಂಡಿ ಹೋಗಲು ನೋಡುವ ದಿಕ್ಕೂ, ನಾವು ಬಿಚ್ಚಲು ಒತ್ತುವ ದಿಕ್ಕೂ ಒಂದೇ! ಇದಕ್ಕೆ ಪರಿಹಾರವಾಗಿ ಗುಂಡಿಯನ್ನು ಹಗುರ ಮಾಡುತ್ತಾರೆ, ಇಲ್ಲವೇ ಗುಂಡಿಯ ಚಲನೆಗೆ ಎದುರಾಗಿ ತೂಗುವ ಒಂದು ಪುಟ್ಟ ಸನ್ನೆಯನ್ನು ಒಳಗೆ ಇಡುತ್ತಾರೆ.

ಬಕಲ್‌ನ ಬೆನ್ನಿಗೆ ಪೆಟ್ಟು ಬಿದ್ದರೆ ಅದು ಬಿಚ್ಚಿಕೊಳ್ಳುತ್ತದೆ ಅನ್ನೋದು ಅಮೆರಿಕದಲ್ಲಿ ದೊಡ್ಡ ವಿವಾದವೇ ಆಗಿತ್ತು. ತನಿಖೆ ಕೋರಿ ಬಂದ ಅರ್ಜಿಯನ್ನು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 1992ರಲ್ಲಿ ತಿರಸ್ಕರಿಸಿತು. ಮೇಜಿನ ಮೇಲೆ ಬಡಿದು ತೋರಿಸುವ ಸ್ಥಿತಿ ನಿಜವಾದ ಅಪಘಾತದಲ್ಲಿ ಬರುವುದಿಲ್ಲ ಅನ್ನೋದು ಅದರ ವಾದ.

ಮೂರನೆಯದು ಹಳೆಯದಾಗುವುದು. 1995ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸುಮಾರು 84 ಲಕ್ಷ ವಾಹನಗಳನ್ನು ವಾಪಸ್ ಕರೆಯಲಾಯಿತು. ಎಲ್ಲದರಲ್ಲೂ ಇದ್ದದ್ದು ಟಕಾಟಾ ಕಂಪನಿಯ ಬೆಲ್ಟ್. ಕೆಂಪು ಗುಂಡಿಯ ಪ್ಲಾಸ್ಟಿಕ್ ಬಿಸಿಲಿನ ನೇರಳಾತೀತ ಕಿರಣಕ್ಕೆ ಪುಡಿಯಾಗಿ, ಚೂರುಗಳು ಬಕಲ್ ಒಳಗೆ ಬೀಳುತ್ತಿದ್ದವು. ಕೆಲವು ಬಕಲ್ ಸರಿಯಾಗಿ ಕೂರುತ್ತಿರಲಿಲ್ಲ, ಕೆಲವು ಕೂತ ಹಾಗೆ ಕಂಡು ಬಿಚ್ಚಿಕೊಳ್ಳುತ್ತಿದ್ದವು. ಯಾಂತ್ರಿಕ ವಿನ್ಯಾಸ ಸರಿ ಇತ್ತು, ಪ್ಲಾಸ್ಟಿಕ್ ಸೋತಿತ್ತು. ಮುಂದೆ ಏರ್‌ಬ್ಯಾಗ್ ಹಗರಣದಲ್ಲಿ ದಿವಾಳಿಯಾದದ್ದು ಇದೇ ಕಂಪನಿ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಆಯ್ತಲ್ವಾ?

ಇಲ್ಲ. ಕಾರು ಮಗುಚಿದೆ, ನೀವು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದೀರಿ ಅಂದುಕೊಳ್ಳಿ. ಇಡೀ ಮೈಭಾರ ಕೊಂಡಿಯ ಮೇಲಿದೆ. ಆಗಲೂ ಬಕಲ್ ಒಂದೇ ಕೈಯಲ್ಲಿ ಬಿಚ್ಚಬೇಕು. ಎಪ್ಪತ್ತು ದಾಟಿದ ಅಜ್ಜಿಗೂ ಆಗಬೇಕು, ಕಾರನ್ನು ಹಿಂದೆಂದೂ ನೋಡಿರದ ದಾರಿಹೋಕರಿಗೂ ಆಗಬೇಕು.

ವಿಶ್ವಸಂಸ್ಥೆಯ 16ನೇ ವಾಹನ ನಿಯಮಾವಳಿ ಈ ಎರಡೂ ಭಯಗಳಿಗೆ ಒಂದೊಂದು ಅಂಕಿ ಬರೆದಿದೆ. 10 ನ್ಯೂಟನ್, ಅಂದರೆ ಸುಮಾರು 1 ಕೆಜಿ ಭಾರಕ್ಕಿಂತ ಕಡಿಮೆ ಬಲಕ್ಕೆ ಬಕಲ್ ಬಿಚ್ಚಬಾರದು. ಡಿಕ್ಕಿ ಪರೀಕ್ಷೆಯ ನಂತರ 60 ನ್ಯೂಟನ್, ಅಂದರೆ ಸುಮಾರು 6 ಕೆಜಿಗಿಂತ ಹೆಚ್ಚು ಬಲ ಕೇಳಬಾರದು. ಗುಂಡಿ ಕೆಂಪಗಿರಬೇಕು. ಒಳಗೆ ಕೂರಿಸಿದ ಗುಂಡಿಯಾದರೆ ಕನಿಷ್ಠ 4.5 ಚದರ ಸೆಂ.ಮೀ. ಇರಬೇಕು. ಡಿಕ್ಕಿ ಪರೀಕ್ಷೆಗೆ ಮೊದಲು 5,000 ಸಲ ಹಾಕಿ ಬಿಚ್ಚಬೇಕು.

ಮಕ್ಕಳ ಸೀಟಿನ ಬಕಲ್‌ಗೆ 44ನೇ ನಿಯಮಾವಳಿಯ ಅಂಕಿ ಬೇರೆ: 40ರಿಂದ 80 ನ್ಯೂಟನ್. ಪುಟ್ಟ ಬೆರಳಿಗೆ ಕಷ್ಟ, ದೊಡ್ಡವರಿಗೆ ಸಾಧ್ಯ ಅನ್ನುವ ಲೆಕ್ಕ. ಇಲ್ಲೊಂದು ಪ್ರಶ್ನೆ ಏಳುತ್ತದೆ. 'ಬೇಡದ ಬಿಚ್ಚುವಿಕೆ' ಅಂದರೆ ಯಾರಿಗೆ ಬೇಡದ್ದು? ಓಡುವ ಕಾರಿನಲ್ಲಿ ಮಗು ಬೆಲ್ಟ್ ಬಿಚ್ಚಿದರೆ ಅಪ್ಪ ಅಮ್ಮನಿಗೆ ಅದು ಬೇಡ. ಅದಕ್ಕಾಗಿ ಗುಂಡಿಯ ಮೇಲೆ ಹಾಕುವ ಮುಚ್ಚಳಗಳೂ ಸಿಗುತ್ತವೆ. ಆದರೆ ಕಾರಿಗೆ ಬೆಂಕಿ ಬಿದ್ದಾಗ ಓಡಿ ಬಂದವರಿಗೆ ಮುಚ್ಚಳ ತೆಗೆಯುವ ಬಗೆ ಗೊತ್ತಿರೋದಿಲ್ಲ. ಮುಚ್ಚಳ ಹಾಕುವುದೇ ಆದರೆ ತೆಗೆಯುವುದು ಹೇಗೆ ಅಂತ ಅಲ್ಲೇ ಕನ್ನಡದಲ್ಲಿ ಬರೆದು ಅಂಟಿಸಿ.

ನಮ್ಮಲ್ಲಿ ಸೋಲುವುದೆಲ್ಲಿ?

ಭಾರತದಲ್ಲೂ ಸೀಟ್‌ಬೆಲ್ಟ್‌ಗೆ ಐಎಸ್ 15140 ಅನ್ನುವ ಮಾನಕ ಇದೆ. ಕಾರ್ಖಾನೆಯಿಂದ ಪಾಸಾಗಿ ಬಂದ ಬಕಲ್ ಸೋಲುವುದು ಅನೇಕ ಸಲ ರಸ್ತೆಗೆ ಬಂದ ಮೇಲೆ. ಸೀಟ್ ಕವರ್ ಅಡಿ ಹೂತುಹೋಗುತ್ತದೆ. ಧೂಳು, ಕಡಲೆಕಾಯಿ ಸಿಪ್ಪೆ, ಚಿಲ್ಲರೆ ಕಾಸು ಒಳಗೆ ಸೇರುತ್ತದೆ. ಇನ್ನೊಂದು, ಬೆಲ್ಟ್ ಹಾಕದೆ ಎಚ್ಚರಿಕೆಯ ಶಬ್ದ ನಿಲ್ಲಿಸಲು ಬಕಲ್‌ಗೆ ತುರುಕುವ ಸುಳ್ಳು ನಾಲಗೆ. ಈ ಕ್ಲಿಪ್ ಮಾರುತ್ತಿದ್ದ ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಸೇರಿ ಐದು ಜಾಲತಾಣಗಳ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮೇನಲ್ಲಿ ಆದೇಶ ಹೊರಡಿಸಿತು. ತೆಗೆದುಹಾಕಿದ ಪಟ್ಟಿಗಳ ಸಂಖ್ಯೆ 13,118. ಬಿಚ್ಚದ ಬಕಲ್ ಮಾಡಲು ಎಂಜಿನಿಯರ್‌ಗಳು ದಶಕಗಟ್ಟಲೆ ತಲೆ ಕೆಡಿಸಿಕೊಂಡರು, ನಾವು ಬೆಲ್ಟೇ ಇಲ್ಲದೆ ಬಕಲ್ ಹಾಕೋದು ಕಲಿತೆವು.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ, 2022ರಲ್ಲಿ ಸೀಟ್‌ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಅದರಲ್ಲಿ 8,331 ಮಂದಿ ಪ್ರಯಾಣಿಕರು. ಉದ್ಯಮಿ ಸೈರಸ್ ಮಿಸ್ತ್ರಿ ಅದೇ ವರ್ಷ ಸೆಪ್ಟೆಂಬರ್ 4ರಂದು ತೀರಿಕೊಂಡಾಗ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ದೇಶವೆಲ್ಲ ಮಾತಾಡಿತು. ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಅನ್ನೋದು ಮೋಟಾರು ವಾಹನ ನಿಯಮ 138(3)ರಲ್ಲಿ ಮೊದಲೇ ಇತ್ತು. ಹಾಕದಿದ್ದರೆ ಕೇಂದ್ರ ಕಾಯ್ದೆಯ 194ಬಿ ಕಲಂ ಪ್ರಕಾರ 1,000 ರೂ. ದಂಡ.

ನನ್ನ ತಕರಾರು ಇರೋದು ಇಲ್ಲೇ. ಟ್ಯಾಕ್ಸಿ ಹತ್ತಿದವರಿಗೆ ಬೆಲ್ಟ್ ಹಾಕಿ ಅಂತ ಹೇಳುವ ಸರ್ಕಾರ, ಆ ಟ್ಯಾಕ್ಸಿಯ ಬಕಲ್ ಕೆಲಸ ಮಾಡುತ್ತೆ ಅಂತ ಖಾತರಿ ಕೊಡಬೇಕು. ಟ್ಯಾಕ್ಸಿಗಳು ಕಾಲಕಾಲಕ್ಕೆ ಎಫ್‌ಸಿ ಮಾಡಿಸಲೇಬೇಕಲ್ಲ. ಅಲ್ಲಿ ಹಿಂದಿನ ಸೀಟಿನ ಪ್ರತಿ ಬಕಲ್ ಹಾಕಿ, ಎಳೆದು, ಬಿಚ್ಚಿ ನೋಡಲು ಎರಡು ನಿಮಿಷ ಸಾಕು. ಬಕಲ್ ಕೈಗೆ ಸಿಗದಿದ್ದರೆ ಎಫ್‌ಸಿ ಕೊಡಬಾರದು. ಬಾಡಿಗೆ, ಕಮಿಷನ್, ಡೀಸೆಲ್ ನಡುವೆ ದಿನ ದೂಡುವ ಡ್ರೈವರ್ ಮೇಲೆ ಇದರ ಹೊಣೆಯನ್ನೆಲ್ಲ ಹಾಕೋದೂ ಸರಿಯಲ್ಲ. ಅವರಿಂದ ಕಮಿಷನ್ ಪಡೆಯುವ ಆಪ್ ಕಂಪನಿಗಳು ಬಕಲ್ ಬದಲಿಸುವ ಖರ್ಚಿನಲ್ಲಿ ಪಾಲು ಕೊಡಲಿ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು

ಕಾರು ಹತ್ತಿದ ತಕ್ಷಣ ನಾಲಗೆ ಒಳಗೆ ತಳ್ಳಿ, 'ಕ್ಲಿಕ್' ಕೇಳಿಸಿಕೊಳ್ಳಿ. ಆಮೇಲೆ ಬೆಲ್ಟನ್ನು ಒಮ್ಮೆ ಜೋರಾಗಿ ಎಳೆಯಿರಿ. ಒಮ್ಮೆ ಬಿಚ್ಚಿ, ಮತ್ತೆ ಹಾಕಿ. ನಾಲಗೆ ತಾನಾಗಿ ಚಿಮ್ಮದಿದ್ದರೆ ಒಳಗೆ ಕಸ ಇದೆ ಅಥವಾ ಸ್ಪ್ರಿಂಗ್ ಸೋತಿದೆ. ಗುಂಡಿ ಬಿರುಕು ಬಿಟ್ಟಿದ್ದರೆ ಆ ಸೀಟು ಬೇಡ. ಬ್ಯಾಗನ್ನು ಕಾಲಡಿ ಇಡಿ, ಪಕ್ಕದವರಿಗೂ ಇಡಲು ಹೇಳಿ. ನಿಮ್ಮದೇ ಕಾರಾದರೆ ಸೀಟ್ ಕವರ್‌ನಲ್ಲಿ ಬಕಲ್‌ಗೆ ಸರಿಯಾದ ಕಿಂಡಿ ಮಾಡಿಸಿ. ಬಕಲ್ ಒಳಗೆ ಎಣ್ಣೆ ಮಾತ್ರ ಬಿಡಬೇಡಿ, ಧೂಳು ಅಲ್ಲೇ ಅಂಟಿ ಕೂರುತ್ತದೆ.

ಈಗ ನಾನು ಕ್ಯಾಬ್ ಹತ್ತಿದರೆ ಮೊದಲು ಸೀಟ್ ಕವರ್ ಎತ್ತುತ್ತೇನೆ. ಕೆಲವು ಡ್ರೈವರ್‌ಗಳು ಮುಖ ಸಿಂಡರಿಸುತ್ತಾರೆ. ಮೊನ್ನೆ ಒಬ್ಬರು ಮಾತ್ರ ಇಳಿದು ಬಂದು, ತಾವೇ ಕವರ್ ಸರಿಸಿ, ಬಕಲ್ ಹೊರಗೆ ತೆಗೆದು ಕೊಟ್ಟರು.