ಕ್ರೀಡಾಪಟುಗಳು ಬಳಸುವ ಆಂಟಿಆಕ್ಸಿಡೆಂಟ್ ಪೂರಕಗಳು: ಪ್ರಯೋಗಾಲಯ ಪರೀಕ್ಷೆಗೆ ಸಂಬಂಧಿಸಿದ ಮಾಹಿತಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಕೈಗಾರಿಕಾ ಪ್ರದೇಶಗಳಲ್ಲಿ ಉದ್ಯೋಗದಲ್ಲಿದ್ದು ಓಟ, ಸೈಕ್ಲಿಂಗ್ ಮತ್ತು ಭಾರ ಎತ್ತುವ ಅಭ್ಯಾಸ ಮಾಡುವ ಕ್ರೀಡಾಪಟುಗಳು ವಿಟಮಿನ್ ಸಿ, ವಿಟಮಿನ್ ಇ ಮೊದಲಾದ ಆಂಟಿಆಕ್ಸಿಡೆಂಟ್ (ಉತ್ಕರ್ಷಣ ನಿರೋಧಕ) ಪೂರಕಗಳನ್ನು ಖರೀದಿಸುವ ಮುನ್ನ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಪೂರಕ ಹೆಚ್ಚಾದಷ್ಟೂ ಲಾಭ ಹೆಚ್ಚು ಎಂಬ ಭಾವನೆ ಸರಿಯಲ್ಲ. ವ್ಯಾಯಾಮದ ವೇಳೆ ಸ್ನಾಯುಗಳಲ್ಲಿ ಉತ್ಪತ್ತಿಯಾಗುವ ಉತ್ಕರ್ಷಕ ಕಣಗಳು ದೇಹವು ತರಬೇತಿಗೆ ಹೊಂದಿಕೊಳ್ಳಲು ಬೇಕಾದ ಸೂಚನೆಯೂ ಆಗಿರುತ್ತವೆ. ಜರ್ಮನಿಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ವಾರಗಳ ತರಬೇತಿಯೊಡನೆ ಪ್ರತಿದಿನ 1000 ಮಿ.ಗ್ರಾಂ. ವಿಟಮಿನ್ ಸಿ ಹಾಗೂ 400 ಐ.ಯು. ವಿಟಮಿನ್ ಇ ಸೇವಿಸಿದ ಯುವಕರಲ್ಲಿ, ವ್ಯಾಯಾಮದಿಂದ ಇನ್ಸುಲಿನ್ ಕಾರ್ಯದಲ್ಲಿ ಆಗಬೇಕಾಗಿದ್ದ ಸುಧಾರಣೆಯೇ ಕಂಡುಬರಲಿಲ್ಲ. ನೂರು ಗ್ರಾಂ ಸೀಬೆಹಣ್ಣು ದಿನದ ವಿಟಮಿನ್ ಸಿ ಅಗತ್ಯವನ್ನು ಪೂರೈಸಬಲ್ಲದು. ಅದರ ಬೆಲೆಯೂ ಕಡಿಮೆ.

"ಆಕ್ಸಿಡೇಟಿವ್ ಸ್ಟ್ರೆಸ್" ಹೆಸರಿನ ರಕ್ತಪರೀಕ್ಷೆಯ ಒಂದೇ ವರದಿಯನ್ನು ಆಧರಿಸಿ ಪೂರಕ ಆರಂಭಿಸುವುದು ಸೂಕ್ತವಲ್ಲ. ಇದರಲ್ಲಿ ಅಳೆಯುವ ಮ್ಯಾಲೊಂಡಿಯಾಲ್ಡಿಹೈಡ್ ಮುಂತಾದವುಗಳ ಪ್ರಮಾಣ ಕಠಿಣ ವ್ಯಾಯಾಮದ ನಂತರ ಸಹಜವಾಗಿಯೇ ಏರಬಹುದು; ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ನಿರಂತರ ಆಯಾಸವಿದ್ದಲ್ಲಿ ವೈದ್ಯರ ಸಲಹೆ ಪಡೆದು ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಬಿ12 ಮತ್ತು ವಿಟಮಿನ್ ಡಿ ಪರೀಕ್ಷಿಸಿಕೊಳ್ಳುವುದು ಹೆಚ್ಚು ಉಪಯುಕ್ತ. ಪೀಣ್ಯ ಭಾಗದ ವಿಮಾದಾರ ಕಾರ್ಮಿಕರು ಇ.ಎಸ್.ಐ. ವೈದ್ಯರನ್ನು ಸಂಪರ್ಕಿಸಬಹುದು. ರಕ್ತ ನೀಡುವ ಹಿಂದಿನ ದಿನ ಕಠಿಣ ವ್ಯಾಯಾಮ ಮಾಡಬಾರದು. ಸೇವಿಸುತ್ತಿರುವ ಎಲ್ಲ ಪೂರಕಗಳನ್ನೂ ಪ್ರಯೋಗಾಲಯಕ್ಕೆ ಮುಂಚಿತವಾಗಿ ತಿಳಿಸತಕ್ಕದ್ದು. ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೂ, ಅಧಿಕ ವಿಟಮಿನ್ ಸಿ ಕೆಲವು ಗ್ಲುಕೋಮೀಟರ್‌ಗಳ ಫಲಿತಾಂಶವನ್ನೂ ತಪ್ಪಾಗಿಸಬಲ್ಲವು.

ರಕ್ತ ಪರೀಕ್ಷಿಸುವ ಪ್ರಯೋಗಾಲಯವೇ ಬೇರೆ, ಡಬ್ಬಿಯಲ್ಲಿರುವ ಪುಡಿಯನ್ನು ಪರೀಕ್ಷಿಸುವ ಪ್ರಯೋಗಾಲಯವೇ ಬೇರೆ. ಎರಡಕ್ಕೂ ಎನ್.ಎ.ಬಿ.ಎಲ್. ಮಾನ್ಯತೆ ಇದೆಯೇ ಹಾಗೂ ಆ ಮಾನ್ಯತೆ ಅಪೇಕ್ಷಿತ ಪರೀಕ್ಷೆಗೇ ಅನ್ವಯಿಸುತ್ತದೆಯೇ ಎಂದು ವಿಚಾರಿಸಬೇಕು. ಡಬ್ಬಿಯ ಮೇಲೆ 14 ಅಂಕಿಗಳ ಎಫ್.ಎಸ್.ಎಸ್.ಎ.ಐ. ಪರವಾನಗಿ ಸಂಖ್ಯೆ ಇರತಕ್ಕದ್ದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 40ರ ಅನ್ವಯ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಮಾದರಿಯನ್ನು ಪರೀಕ್ಷಿಸಿಕೊಳ್ಳಬಹುದು. ಆದರೆ ಪರೀಕ್ಷೆಯ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸಿರಬೇಕು. ಅನೇಕರು ಇದನ್ನು ಮನೆಗೆ ಬಂದ ನಂತರ ನೆನಪಿಸಿಕೊಳ್ಳುವುದುಂಟು. ಮಾದರಿಯು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಶುಲ್ಕವನ್ನು ಹಿಂದಕ್ಕೆ ಪಡೆಯುವ ಹಕ್ಕು ಖರೀದಿದಾರರಿಗಿದೆ.

ಉದ್ದೀಪನ ಮದ್ದು ತಡೆ ನಿಯಮಗಳಿಗೆ ಒಳಪಡುವ ಸ್ಪರ್ಧೆಗಳಲ್ಲಿ ಭಾಗವಹಿಸುವವರು ಇನ್ನೊಂದು ಅಂಶವನ್ನು ತಿಳಿದಿರಬೇಕು. ಪೂರಕದಲ್ಲಿ ನಿಷೇಧಿತ ವಸ್ತು ಬೆರೆತಿರುವುದು ತಿಳಿದಿರಲಿಲ್ಲವೆಂದರೂ, ದೇಹದಲ್ಲಿ ಅದು ಪತ್ತೆಯಾದರೆ ಹೊಣೆ ಕ್ರೀಡಾಪಟುವಿನದೇ. ಒಂದು ಬ್ಯಾಚ್‌ನ ಪರೀಕ್ಷಾ ವರದಿ ಮತ್ತೊಂದು ಬ್ಯಾಚ್‌ಗೆ ಅನ್ವಯಿಸುವುದಿಲ್ಲ. ಆದ್ದರಿಂದ ರಸೀದಿ, ಬ್ಯಾಚ್ ಸಂಖ್ಯೆಯುಳ್ಳ ಡಬ್ಬಿ ಹಾಗೂ ಉಳಿದ ಪುಡಿಯನ್ನು ಬಿಸಾಡದೆ ಇರಿಸಿಕೊಳ್ಳತಕ್ಕದ್ದು.