ದಂಡಿನ ದರ್ಜಿಗಳು, ಬಳ್ಳಾರಿಯ ಜೀನ್ಸು

ಬರ್ಬೆರಿ ಎಂಬ ಇಂಗ್ಲಿಷ್ ಫ್ಯಾಷನ್ ಕಂಪನಿಯ ಟ್ರೆಂಚ್ ಕೋಟಿಗೆ ಇವತ್ತು ಲಕ್ಷದ ಮೇಲೆ ಬೆಲೆ. ಆ ಕೋಟಿನ ಮೂಲ ಷೋಕಿಯಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಮಳೆಗೆ ನೆನೆಯುತ್ತಿದ್ದ ಬ್ರಿಟಿಷ್ ಅಧಿಕಾರಿಗಳಿಗೆಂದು ಹೊಲಿದದ್ದು ಅದು. ಅದೇ ಯುದ್ಧದ ಕಾಲದಲ್ಲಿ, ಅದೇ ಸರ್ಕಾರದ ಸಿಪಾಯಿಗಳಿಗೆ, ಬಳ್ಳಾರಿಯ ದಂಡಿನಲ್ಲಿ ಕೂತು ಸಮವಸ್ತ್ರ ಹೊಲಿದವರು ನಮ್ಮ ಹಿರಿಯರು. ಅವರ ಹೆಸರಿನ ಕೋಟು ಯಾವ ಅಂಗಡಿಯಲ್ಲೂ ಇಲ್ಲ.

1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಕೋಟೆಯ ಆಚೀಚೆ ದಂಡು ಬೆಳೆಯಿತು. ಕೌಲ್ ಬಜಾರ್, ಬ್ರೂಸ್‌ಪೇಟೆ ತುಂಬಿಕೊಂಡವು. ಸೈನ್ಯವೆಂದರೆ ಬರೀ ಬಂದೂಕಲ್ಲ, ಹರಿಯುವ ಬಟ್ಟೆಯೂ ಹೌದು. ಮೊದಲ ಮಹಾಯುದ್ಧದ ಹೊತ್ತಿಗೆ ಈಗಿನ ಮಹಾರಾಷ್ಟ್ರದ ಕಡೆಯಿಂದ ದರ್ಜಿ ಸಮುದಾಯಗಳಾದ ನಾಮದೇವ ಸಿಂಪಿಗಳೂ ರಂಗಾರಿಗಳೂ ಇಲ್ಲಿಗೆ ಬಂದು ಸಮವಸ್ತ್ರ ಹೊಲಿಯುವ, ರಿಪೇರಿ ಮಾಡುವ ಕೆಲಸ ಹಿಡಿದರು. ಯುದ್ಧ ಮುಗಿಯಿತು, ಬಂದವರು ಹಿಂದಿರುಗಲಿಲ್ಲ. ಸಿಪಾಯಿಯ ಖಾಕಿಯ ಜಾಗಕ್ಕೆ ಶಾಲಾ ಮಕ್ಕಳ ಸಮವಸ್ತ್ರ ಬಂತು, ಬಳ್ಳಾರಿಯ ಹೊಲಿಗೆ ಹೊರ ರಾಜ್ಯಗಳಲ್ಲೂ ಹೆಸರು ಮಾಡಿತು.

ಜೀನ್ಸ್ ಆಮೇಲೆ ಬಂದದ್ದು. ಎಲ್ಲಿಂದಲೋ ಬಂದು ಬಿದ್ದ ಅದೃಷ್ಟ ಎಂಬಂತೆ ಅದರ ಬಗ್ಗೆ ಮಾತಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮದುವೆ ಕೋಟು ಹೊಲಿಯುವ ದರ್ಜಿ ಎದುರಿಗೆ ನಿಂತ ಒಬ್ಬನ ಮೈಗೆ ಟೇಪು ಹಿಡಿಯುತ್ತಾನೆ. ಸಮವಸ್ತ್ರದ ದರ್ಜಿ ತಾನೆಂದೂ ನೋಡದ ನೂರಾರು ಮೈಗಳಿಗೆ 28, 30, 32 ಎಂದು ಸೈಜು ಕಟ್ಟಿ, ಥಾನುಗಟ್ಟಲೆ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಟ್ಟಿಗೆ ಕತ್ತರಿಸುತ್ತಾನೆ. ದಪ್ಪ ಬಟ್ಟೆ, ಜೋಡಿ ಹೊಲಿಗೆ, ಜಗ್ಗಿದರೂ ಬಿಚ್ಚದ ಜೇಬು, ಇವೆಲ್ಲ ಖಾಕಿ ಕಲಿಸಿದ ಪಾಠಗಳೇ. ಒಂದು ಜೀನ್ಸ್ ಪ್ಯಾಂಟನ್ನು ತಿರುವಿ ಹಾಕಿ ಕಾಲಿನ ಒಳಹೊಲಿಗೆ ನೋಡಿ: ಎರಡು ಅಂಚುಗಳು ಒಂದರೊಳಗೊಂದು ಮಡಚಿಕೊಂಡಿರುತ್ತವೆ, ಮೇಲೆ ಎರಡು ಸಾಲು ದಾರ ಓಡಿರುತ್ತದೆ, ಬಟ್ಟೆಯ ಎಳೆ ಎಲ್ಲೂ ಹೊರಗೆ ಕಾಣುವುದಿಲ್ಲ. ಜೇಬಿನ ಮೂಲೆಗೆ, ಬೆಲ್ಟಿನ ಪಟ್ಟಿಗೆ ಬಾರ್‌ಟ್ಯಾಕ್ ಎಂಬ ಒತ್ತೊತ್ತಾದ ಗಟ್ಟಿ ಹೊಲಿಗೆ. ಒಬ್ಬ ಕತ್ತರಿಸಿದ್ದು, ಇನ್ನೊಬ್ಬ ಜೋಡಿಸಿದ್ದು, ಮತ್ತೊಬ್ಬ ಕಾಜಾ ಹಾಕಿದ್ದು, ಕೊನೆಗೆ ಉಳಿದ ದಾರ ಕತ್ತರಿಸಿದ್ದು, ಎಲ್ಲವೂ ಪೀಸಿನ ಲೆಕ್ಕ.

ಅಮೆರಿಕದಲ್ಲೂ ಜೀನ್ಸ್ ಹುಟ್ಟಿದ್ದು ದರ್ಜಿಯ ಕೈಯಲ್ಲೇ. ನೆವಾಡಾದ ರೀನೋ ಪಟ್ಟಣದ ಜೇಕಬ್ ಡೇವಿಸ್, ಕುದುರೆ ಕಂಬಳಿಗೆ ಹಾಕುತ್ತಿದ್ದ ತಾಮ್ರದ ರಿವೆಟ್ಟನ್ನು ಕೂಲಿಯವನ ಪ್ಯಾಂಟಿನ ಜೇಬಿಗೂ ಹಾಕಿದ. ಪೇಟೆಂಟಿಗೆ ಅವನ ಬಳಿ ದುಡ್ಡಿರಲಿಲ್ಲ. ತನಗೆ ಬಟ್ಟೆ ಮಾರುತ್ತಿದ್ದ ವ್ಯಾಪಾರಿ ಲೆವಿ ಸ್ಟ್ರಾಸ್‌ನ ಜೊತೆ ಸೇರಿ 1873ರ ಮೇ 20ರಂದು ಅದನ್ನು ಪಡೆದ. ಪ್ಯಾಂಟಿನ ಮೇಲೆ ಯಾರ ಹೆಸರು ಉಳಿಯಿತೆಂದು ಹೇಳಬೇಕಿಲ್ಲ!

ಬಳ್ಳಾರಿಯವರೂ ಹೆಸರಿಡಲು ಹಿಂಜರಿಯಲಿಲ್ಲ. ಪಾಯಿಂಟ್ ಬ್ಲ್ಯಾಂಕ್, ವಾಕರ್, ಡ್ರ್ಯಾಗನ್‌ಫ್ಲೈ, ಪೋಡಿಯಂ ಈ ಊರಿನಿಂದಲೇ ದೇಶದ ಮಾರುಕಟ್ಟೆಗೆ ಹೋದ ಬ್ರ್ಯಾಂಡುಗಳು. ಆದರೆ ಹೆಸರಿಲ್ಲದೆ ಹೋಗುವ ಮಾಲೂ ಕಡಿಮೆಯಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಹೊಸ ಪ್ಯಾಂಟು ಕೊಳ್ಳುವ ಹುಡುಗ ಲೇಬಲ್ಲು ನೋಡುತ್ತಾನೆ, ಹೊಲಿದ ಊರನ್ನಲ್ಲ.

ಹೆಸರಿಲ್ಲದ ಕಸುಬುದಾರರು ಈ ನೆಲಕ್ಕೆ ಹೊಸಬರೇನಲ್ಲ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟದಲ್ಲಿ 1960ರ ದಶಕದಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದಾಗ ನವಶಿಲಾಯುಗದ ಜನರ ಚಿನ್ನದ ಒಡವೆಗಳು ಸಿಕ್ಕವು. ಕಲ್ಲಿನ ಕೊಡಲಿ ಹಿಡಿದವರೂ ಚಿನ್ನ ತೊಟ್ಟಿದ್ದರು; ಅದನ್ನು ಮಾಡಿದವರ ಹೆಸರು ಮಾತ್ರ ಉಳಿದಿಲ್ಲ. ಬಟ್ಟೆಯ ಮಾತಿಗೆ ಬಂದರೆ, ಅದೇ ಸಿರುಗುಪ್ಪದ ಎರೆಹೊಲಗಳಲ್ಲಿ ಹತ್ತಿ ಬೆಳೆಯುತ್ತಿತ್ತು. ತುಂಗಭದ್ರಾ ಕಾಲುವೆ ಬಂದ ಮೇಲೆ ಭತ್ತ ಹೆಚ್ಚಾಯಿತು. ನಮ್ಮ ಜೀನ್ಸಿಗೆ ಬೇಕಾದ ಡೆನಿಮ್ ಬಟ್ಟೆ ಮಾತ್ರ ಅಹಮದಾಬಾದಿನ ಕಡೆಯಿಂದ ಬರುತ್ತದೆ.

ಹೊಲಿಗೆಯ ಕಥೆ ಹೇಳಿ ತೊಳೆಯುವ ಕಥೆ ಬಿಟ್ಟರೆ ತಪ್ಪಾದೀತು. ಹೊಸ ಪ್ಯಾಂಟನ್ನು ಹಳೆಯದರಂತೆ ಮಾಸಿಸಲು ರಾಸಾಯನಿಕವೂ ಬೇಕು, ವಿಪರೀತ ನೀರೂ ಬೇಕು. ಆ ನೀಲಿ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಜಗಳ. ಮಾಲಿನ್ಯ ನಿಯಂತ್ರಣ ಮಂಡಳಿ ವಾಷಿಂಗ್ ಘಟಕಗಳನ್ನು ಮುಚ್ಚಿಸಿದರೆ ಹೊಲಿದ ಮಾಲು ತೊಳೆಯದೆ ಗೋದಾಮಿನಲ್ಲೇ ಕೂರುತ್ತದೆ. ಮಂಡಳಿಯನ್ನು ಬೈದು ಪ್ರಯೋಜನವಿಲ್ಲ. ಸಾಮೂಹಿಕ ಶುದ್ಧೀಕರಣ ಘಟಕವಿಲ್ಲದೆ ಈ ಉದ್ಯಮ ನಡೆಯದು, ಒಂದೊಂದು ಸಣ್ಣ ಘಟಕ ಒಂಟಿಯಾಗಿ ಅದನ್ನು ಕಟ್ಟಲೂ ಆಗದು. 2023ರ ಚುನಾವಣೆಯಲ್ಲಿ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆ ಕೇಳಿದ್ದೇವೆ. ಅಂಥ ಪಾರ್ಕಿನಲ್ಲಿ ಮೊದಲು ಏಳಬೇಕಾದದ್ದು ಈ ಶುದ್ಧೀಕರಣ ಘಟಕವೇ.

ಇಂಥ ಸ್ಮರಣ ಸಂಚಿಕೆಗಳಲ್ಲಿ ಅಧ್ಯಕ್ಷರ ಫೋಟೋಗಳಿಗೆ ಎಂದೂ ಕೊರತೆಯಿಲ್ಲ, ದರ್ಜಿಗಳ ನೆನಪಿಗೆ ಇದೆ. ಅಜ್ಜಂದಿರ ಅಳತೆ ಪುಸ್ತಕ, ದಂಡಿನ ಹಳೆಯ ಬಿಲ್, ಮೊದಮೊದಲು ಹಚ್ಚಿದ ಲೇಬಲ್ಲು ಯಾರದಾದರೂ ಟ್ರಂಕಿನಲ್ಲಿದ್ದರೆ ತಂದುಕೊಡಿ. ಮುಂದಿನ ಸಂಚಿಕೆಯ ಒಳ್ಳೆಯ ಪುಟಗಳನ್ನು ಅವಕ್ಕೆ ಬಿಡಿಸಲು ಸಂಪಾದಕರೊಂದಿಗೆ ಜಗಳವಾಡುವ ಹೊಣೆ ನನ್ನದು.