ಕಮಿಟಿಯೊಳಗ ಯಾರದಾರ?

ಉದ್ದ ಪೋಸ್ಟು, ಪುರುಸೊತ್ತು ಮಾಡಿಕೊಂಡು ಓದ್ರಿ.

ನಮ್ಮ ಮೊರಬದಂಥ ಊರಿನ ಕೇರಿಗಳಿಗೆ ಸಂಸ್ಥೆಗಳು ಬಂದು ಹೋಗುವುದು ಹೊಸದಲ್ಲ. ನೀರಿನದು, ಶಾಲೆ ಬಿಟ್ಟ ಹುಡುಗರದು, ಹೊಲಿಗೆ ಮಷಿನಿನದು, ಈಗ ಮೊಬೈಲ್ ಕಲಿಸುವುದು. ಬೋರ್ಡು ಬದಲಾಗ್ತದೆ, ಜೀಪು ಬದಲಾಗ್ತದೆ, ಬರುವ ಹುಡುಗ ಹುಡುಗಿಯರು ಬದಲಾಗ್ತಾರೆ. ಬದಲಾಗದ್ದು ವಾರ್ಷಿಕ ವರದಿ. ಅದರಲ್ಲಿ ನಾವು 'ಫಲಾನುಭವಿಗಳು' ಅನ್ನೋ ಕಾಲಮ್ಮಿನಲ್ಲಿ ಒಂದು ಸಂಖ್ಯೆಯಾಗಿ ಇರ್ತೀವಿ. ಫೋಟೊದಲ್ಲೂ ಇರ್ತೀವಿ, ಕೆಳಗೆ ಹೆಸರಿಲ್ಲದೆ. ಕೊನೆಯ ಪುಟದಲ್ಲಿ ಆಡಳಿತ ಮಂಡಳಿಯ ಪಟ್ಟಿ ಇರುತ್ತದೆ. ಅಲ್ಲಿ ನಮ್ಮ ಕೇರಿಯ ಅಡ್ಡಹೆಸರು ಹುಡುಕ್ರಿ, ಸಿಕ್ಕರೆ ನನಗೂ ಹೇಳ್ರಿ.

ಈಗ ಎಲ್ಲಿ ನೋಡಿದ್ರೂ ಸ್ವಯಂಸೇವಾ ಸಂಸ್ಥೆಗಳ ನಾಯಕತ್ವ, ಉತ್ತಮ ಆಡಳಿತ, ಎಲ್ಲರ ಒಳಗೊಳ್ಳುವಿಕೆ ಅಂತ ಕಾರ್ಯಾಗಾರಗಳು ನಡೀತಾವೆ. ಈ ಮಾತು ನಿನ್ನೆ ಮೊನ್ನೆ ಹುಟ್ಟಿದ್ದು ಅನ್ನೋ ಹಂಗೆ ಸ್ಲೈಡು ತೋರಿಸ್ತಾರೆ. ನಮ್ಮ ಹೆಸರಲ್ಲಿ ಬರುವ ದುಡ್ಡನ್ನು ಖರ್ಚು ಮಾಡುವ ಕಮಿಟಿಯೊಳಗ ಯಾರು ಇರಬೇಕು ಅನ್ನೋ ಜಗಳಕ್ಕೆ ನೂರು ವರ್ಷ ಆಗಿದೆ. ಆ ಇತಿಹಾಸದ ಒಂದು ಮುಖ್ಯ ಭಾಗ ನಮ್ಮ ಧಾರವಾಡದಲ್ಲೇ ನಡೆದದ್ದು. ಅದನ್ನು ಬರೀಬೇಕು ಅಂತ ಬಹಳ ದಿನದಿಂದ ಇತ್ತು.

ಮೊದಲು ಮಂಗಳೂರಿನಿಂದ ಶುರು ಮಾಡೋಣ. ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣರು, ವಕೀಲರು. ದಲಿತ ಮಕ್ಕಳಿಗೆ ಶಾಲೆ ತೆಗೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಂತ ಜಾತಿಯವರಿಂದ ಬಹಿಷ್ಕಾರ ಉಂಡರು. ಅವರ ಬಗ್ಗೆ ಹಗುರವಾಗಿ ಮಾತಾಡುವವನು ನಾನಲ್ಲ. ಆದರೆ ವಯಸ್ಸಾಗಿ ಕೈಲಾಗದಾದಾಗ ಆ ಮಿಷನ್ ಹೋದದ್ದು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಕೈಗೆ. ಅದು ಗೋಖಲೆಯವರು ಕಟ್ಟಿದ ಸಂಸ್ಥೆ, ಪ್ರಾಮಾಣಿಕ ಸಂಸ್ಥೆಯೇ. ಆದರೂ ಅಷ್ಟು ವರ್ಷ ಆ ಶಾಲೆಯಲ್ಲಿ ಕಲಿತವರ ಕೈಗೆ ಬೀಗದ ಕೈ ಕೊಡಬಹುದಿತ್ತಲ್ಲ ಅನ್ನೋ ಪ್ರಶ್ನೆ ಇಂದಿಗೂ ಕೇಳುವಂಥದ್ದೇ.

ಮುಂದೆ 1906ರಲ್ಲಿ ಮುಂಬೈಯಲ್ಲಿ ಇನ್ನೊಂದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಕಟ್ಟಿದವರು ವಿಠ್ಠಲ ರಾಮಜಿ ಶಿಂಧೆ, ನಮ್ಮ ಜಮಖಂಡಿಯಲ್ಲಿ ಹುಟ್ಟಿದವರು. ಅಧ್ಯಕ್ಷರು ಸರ್ ನಾರಾಯಣ ಚಂದಾವರ್ಕರ್, ಅವರ ಹುಟ್ಟೂರು ಹೊನ್ನಾವರ. ಅಂದ್ರೆ ಮುಂಬೈಯ ಆ ಸಂಸ್ಥೆಯ ತಲೆಯಲ್ಲಿದ್ದ ಇಬ್ಬರೂ ಕನ್ನಡ ನೆಲದವರು. ಹುಬ್ಬಳ್ಳಿಯಲ್ಲೂ ಅದರ ಶಾಖೆ ಇತ್ತು. ಶಿಂಧೆಯವರು ನಮ್ಮ ಕೇರಿಗಳ ನಡುವೆಯೇ ಹೆಂಡತಿ ಮಕ್ಕಳ ಜೊತೆ ಬದುಕಿದವರು, ಅದು ಸಣ್ಣ ಮಾತಲ್ಲ. ಆದರೆ ಸಂಸ್ಥೆಯ ನಂಬಿಕೆ ಏನಿತ್ತು? ಮೇಲಿನವರು ಕೈ ಚಾಚಬೇಕು, ಕೆಳಗಿನವರು ಹಿಡಿದುಕೊಂಡು ಮೇಲೇಳಬೇಕು. ಕಮಿಟಿಯೂ ಆ ನಂಬಿಕೆಯಂತೆಯೇ ಕೂತಿತ್ತು.

ಇದನ್ನು ಮೊದಲು ಗಟ್ಟಿಯಾಗಿ ತಿರುವಿ ಹಾಕಿದವರು ಬಾಬಾಸಾಹೇಬರು. 1924ರ ಜುಲೈ 20ಕ್ಕೆ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪನೆ ಆಯಿತು. ಅದರ ಪದಾಧಿಕಾರಿಗಳ ಪಟ್ಟಿಯನ್ನು ಒಮ್ಮೆ ಕೂತು ನೋಡ್ರಿ. ಅಧ್ಯಕ್ಷರು ಸರ್ ಚಿಮನ್‌ಲಾಲ್ ಸೆಟಲ್ವಾಡ್, ದೊಡ್ಡ ವಕೀಲರು. ಉಪಾಧ್ಯಕ್ಷರಲ್ಲಿ ಪಾರ್ಸಿಗಳು, ಆರ್.ಪಿ. ಪರಾಂಜಪೆ, ಮುಂದೆ ಮುಂಬೈ ಮುಖ್ಯಮಂತ್ರಿ ಆದ ಬಿ.ಜಿ. ಖೇರ್. ಬರೀ ಇಷ್ಟು ನೋಡಿದ್ರೆ ಇದೂ ಅದೇ ಹಾಡು ಅನಿಸ್ತದೆ. ಆದರೆ ದಿನದ ಕೆಲಸ ನಡೆಸುವ ಕಾರ್ಯಕಾರಿ ಮಂಡಳಿಗೆ ಅಧ್ಯಕ್ಷರು ಸ್ವತಃ ಅಂಬೇಡ್ಕರ್, ಕಾರ್ಯದರ್ಶಿ ಶಿವತರ್ಕರ್, ಖಜಾಂಚಿ ಜಾಧವ್. ಮೂವರೂ ಅಸ್ಪೃಶ್ಯ ಸಮಾಜದವರು. ದೊಡ್ಡ ಹೆಸರುಗಳು ಲೆಟರ್‌ಹೆಡ್ಡಿನ ಮೇಲೆ, ಠರಾವು ಪುಸ್ತಕ ಮತ್ತು ತಿಜೋರಿ ನಮ್ಮವರ ಕೈಯಲ್ಲಿ. ಬೇರೆಯವರು ಬೇಡ ಅಂತ ಅವರು ಹೇಳಲಿಲ್ಲ. ಎಲ್ಲಿ ಕೂಡಬೇಕು ಅನ್ನೋದನ್ನ ಹೇಳಿದರು. ಇವತ್ತಿನ ಎಷ್ಟೋ ಸಂಸ್ಥೆಗಳಲ್ಲಿ ಇದು ತಲೆಕೆಳಗು. ಅಧ್ಯಕ್ಷರು ಅಂತ ನಮ್ಮ ಪೈಕಿ ಒಬ್ಬ ಹಿರಿಯರನ್ನ ಕೂಡಿಸಿರ್ತಾರೆ, ಚೆಕ್ಕಿಗೆ ಸಹಿ ಮಾಡುವವರು ಬೇರೆ.

(ಆ 1924ರ ಪದಾಧಿಕಾರಿಗಳಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.)

ಈಗ ಧಾರವಾಡ. 1928ರಲ್ಲಿ ಹಿತಕಾರಿಣಿ ಸಭಾದ ಜಾಗದಲ್ಲಿ ಬಾಬಾಸಾಹೇಬರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಹೈಸ್ಕೂಲು ಓದುವ ನಮ್ಮ ಹುಡುಗರಿಗೆ ಪ್ರಾಂತದ ಬೇರೆ ಬೇರೆ ಊರುಗಳಲ್ಲಿ ವಸತಿ ನಿಲಯ ತೆಗೆಯಲು ಮುಂಬೈ ಸರ್ಕಾರ ಒಪ್ಪಿ, ನಡೆಸುವ ಜವಾಬ್ದಾರಿ ಈ ಸೊಸೈಟಿಗೆ ಕೊಟ್ಟಿತು. ಕನ್ನಡ ಸೀಮೆಗೆ ಆರಿಸಿದ ಊರು ಧಾರವಾಡ. 1929ರಲ್ಲಿ ಶುರುವಾದ ಆ ನಿಲಯವೇ ಇವತ್ತು ಕೊಪ್ಪದಕೇರಿಯಲ್ಲಿರುವ ಬುದ್ಧರಕ್ಖಿತ ವಸತಿ ನಿಲಯ. ಧಾರವಾಡದಲ್ಲಿ ಓದಿ ಹೋದ ಎಷ್ಟೋ ಮಂದಿಗೆ ಇದು ಯಾವ ಓಣಿಯಲ್ಲಿದೆ ಅನ್ನೋದೂ ಗೊತ್ತಿಲ್ಲ. ಕರ್ನಾಟಕ ಕಾಲೇಜು ಗೊತ್ತು, ಪೇಡೆ ಅಂಗಡಿ ಗೊತ್ತು.

ಅದರ ಸೂಪರಿಂಟೆಂಡೆಂಟ್ ಬಳವಂತರಾವ್ ವರಾಳೆ, ನಿಪ್ಪಾಣಿ ಕಡೆಯವರು, ನಮ್ಮವರೇ. 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ಸ್ವತಂತ್ರ ಮಜೂರ ಪಕ್ಷದಿಂದ ಬೆಳಗಾವಿ ಉತ್ತರಕ್ಕೆ ನಿಂತು ಗೆದ್ದು ಮುಂಬೈ ವಿಧಾನಸಭೆಗೆ ಹೋದರು. ಬಾಬಾಸಾಹೇಬರ ಒಡನಾಟದ ನೆನಪುಗಳನ್ನು ಮರಾಠಿಯಲ್ಲಿ ಬರೆದರು. ಅವರ ಮೊಮ್ಮಗ 2024ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆದ ಪಿ.ಬಿ. ವರಾಳೆ. ಹಾಸ್ಟೆಲ್ ಸೂಪರಿಂಟೆಂಡೆಂಟ್ ಅಂದ್ರೆ ಇವತ್ತು ಜನ ವಾರ್ಡನ್ ಅಂತ ತಿಳೀತಾರೆ, ಅಕ್ಕಿ ಬ್ಯಾಳಿ ಲೆಕ್ಕ ಇಡುವವರು. ಆಗ ಅದು ನಾಯಕತ್ವದ ಶಾಲೆ. ಸರ್ಕಾರಕ್ಕೆ ಲೆಕ್ಕ ಕೊಡಬೇಕು, ಸೊಸೈಟಿಗೆ ವರದಿ ಕೊಡಬೇಕು, ಊರವರ ಕಿರಿಕಿರಿ ತಡೀಬೇಕು, ಹಳ್ಳಿ ಹಳ್ಳಿಗೆ ಹೋಗಿ ಅಪ್ಪ ಅವ್ವಂದಿರನ್ನು ಒಪ್ಪಿಸಿ ಹುಡುಗರನ್ನು ಕರೆತರಬೇಕು. ಇದನ್ನೆಲ್ಲ ಮಾಡಿದವರಿಗೆ ವಿಧಾನಸಭೆ ದೊಡ್ಡದಾಗಿ ಕಾಣಲಿಲ್ಲ. ಎರಡು ದಿನದ ಕಾರ್ಯಾಗಾರದಲ್ಲಿ ಚಾರ್ಟ್ ಪೇಪರ್ ಅಂಟಿಸಿ ನಾಯಕರನ್ನು ತಯಾರು ಮಾಡುವವರು ಇದನ್ನು ನೋಡಬೇಕು. ಕೈಗೆ ಸಂಸ್ಥೆ ಕೊಟ್ರೆ ನಾಯಕರು ತಯಾರಾಗ್ತಾರೆ.

ದುಡ್ಡಿನ ಕಥೆ ಮಾತ್ರ ಆಗಲೂ ಈಗಿನದೇ. ಸರ್ಕಾರದ ಅನುದಾನ ಸಾಲ್ತಿರಲಿಲ್ಲ, ಬಾಬಾಸಾಹೇಬರು ಇನ್ನೊಬ್ಬರ ಹತ್ತಿರ ದೇಣಿಗೆ ಕೇಳಬೇಕಾಯಿತು. ರಮಾಬಾಯಿಯವರು ಕೆಲವು ದಿನ ವರಾಳೆಯವರ ಮನೆಗೆ ಬಂದು ಧಾರವಾಡದಲ್ಲಿದ್ದಾಗಿನ ಒಂದು ಸಂಗತಿಯನ್ನು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅನುದಾನ ತಡವಾಗಿ ನಿಲಯದಲ್ಲಿ ಕಾಳು ಕಡಿ ಮುಗಿದು ಮಕ್ಕಳು ಉಪವಾಸ ಇದ್ದದ್ದು ಕಂಡು, ಆ ತಾಯಿ ತನ್ನ ಕೈಯ ಬಂಗಾರದ ಬಳೆ ತೆಗೆದುಕೊಟ್ಟರಂತೆ, ಇದನ್ನಿಟ್ಟು ಮಕ್ಕಳಿಗೆ ಊಟ ಹಾಕ್ರಿ ಅಂತ. ಜಯಂತಿ ಭಾಷಣದಲ್ಲಿ ಇದನ್ನು ಹೇಳಿ ಎಲ್ಲರೂ ಕಣ್ಣು ಒರೆಸಿಕೊಳ್ತೀವಿ. ನನಗೆ ಇದರಲ್ಲಿ ಬೇರೆಯೂ ಕಾಣ್ತದೆ. ಅನುದಾನ ತಡವಾದಾಗ ಸಂಸ್ಥೆ ಉಳಿದದ್ದು ಒಬ್ಬ ಹೆಣ್ಣುಮಗಳ ಬಳೆಯಿಂದ. ಆದರೆ ಕಮಿಟಿಯ ಪಟ್ಟಿಯಲ್ಲಿ ಹೆಣ್ಣುಮಗಳಿರಲಿಲ್ಲ. ನಮ್ಮ ಚಳವಳಿಯ ಇತಿಹಾಸದಲ್ಲಿ ಇದು ಒಮ್ಮೆ ಮಾತ್ರ ಆದದ್ದಲ್ಲ.

1932ಕ್ಕೆ ಬರೋಣ, ಯಾಕಂದ್ರೆ ಜಗಳ ಬಯಲಿಗೆ ಬಂದದ್ದು ಆಗ. ಸೆಪ್ಟೆಂಬರ್ 24ಕ್ಕೆ ಪುಣೆ ಒಪ್ಪಂದ. ಆರು ದಿನಕ್ಕೆ, ಸೆಪ್ಟೆಂಬರ್ 30ಕ್ಕೆ, ಮುಂಬೈಯಲ್ಲಿ ಅಸ್ಪೃಶ್ಯತಾ ವಿರೋಧಿ ಲೀಗ್ ಹುಟ್ಟಿತು. ಅದೇ ಮುಂದೆ ಹರಿಜನ ಸೇವಕ ಸಂಘ. ಅಧ್ಯಕ್ಷರು ಘನಶ್ಯಾಮದಾಸ್ ಬಿರ್ಲಾ, ಕಾರ್ಯದರ್ಶಿ ಠಕ್ಕರ್ ಬಾಪಾ. ಶುರುವಿನಲ್ಲಿ ಕೇಂದ್ರ ಮಂಡಳಿಯಲ್ಲಿ ಬಾಬಾಸಾಹೇಬರು, ಎಂ.ಸಿ. ರಾಜಾ, ರಾವ್ ಬಹಾದ್ದೂರ್ ಶ್ರೀನಿವಾಸನ್ ಮೂವರೂ ಇದ್ದರು. ನವೆಂಬರ್‌ನಲ್ಲಿ ದುಂಡು ಮೇಜಿನ ಪರಿಷತ್ತಿಗೆ ಹಡಗಿನಲ್ಲಿ ಹೋಗುತ್ತ, ಬಾಬಾಸಾಹೇಬರು ಠಕ್ಕರ್ ಅವರಿಗೆ ಒಂದು ದೊಡ್ಡ ಪತ್ರ ಬರೆದರು. ಲೀಗು ಏನು ಮಾಡಬೇಕು? ಬಾವಿ, ಶಾಲೆ, ರಸ್ತೆ ಇವುಗಳ ಹಕ್ಕಿಗಾಗಿ ಹಳ್ಳಿಯಲ್ಲಿ ಹೋರಾಡಬೇಕು. ಕೆಲಸ ಕೊಡುವಾಗಿನ ತಾರತಮ್ಯದ ವಿರುದ್ಧ ನಿಲ್ಲಬೇಕು. ಬಡವನಿಗೆ ಕುಡೀಬೇಡ, ಸ್ವಚ್ಛ ಇರು ಅಂತ ಬುದ್ಧಿ ಹೇಳುವ ಕೆಲಸ ಆಮೇಲೆ. ಕೊನೆಗೆ, ಕೆಲಸಗಾರರನ್ನು ಅಸ್ಪೃಶ್ಯರ ನಡುವಿನಿಂದಲೇ ತೆಗೆದುಕೊಳ್ಳಿ, ಯಾಕಂದ್ರೆ ಕೂಲಿಗೆ ಬಂದ ಸಮಾಜಸೇವಕನಿಗೆ ಆ ಪ್ರೀತಿ ಇರೋದಿಲ್ಲ, ಅಂದರು. ಪತ್ರಕ್ಕೆ ಉತ್ತರ ಬರಲಿಲ್ಲ. ಮಂಡಳಿಯಲ್ಲಿ ಅವರೂ ಉಳಿಯಲಿಲ್ಲ.

ನಮ್ಮವರಿಗೆ ಮಂಡಳಿಯಲ್ಲಿ ಜಾಗ ಯಾಕಿಲ್ಲ ಅಂತ ಕೇಳಿದವರಿಗೆ ಗಾಂಧೀಜಿ ಕೊಟ್ಟ ಸಮಜಾಯಿಷಿ ಇದು: ಇದು ಸವರ್ಣರ ಪ್ರಾಯಶ್ಚಿತ್ತ, ಅವರು ಸಾಲಗಾರರು, ನೀವು ಸಾಲ ಕೊಟ್ಟವರು, ಸಾಲ ತೀರಿಸುವ ಕೆಲಸ ಸಾಲಗಾರರದು, ನೀವು ಬೇಕಾದರೆ ಸಲಹಾ ಮಂಡಳಿ ಮಾಡಿಕೊಂಡು ಸಲಹೆ ಕೊಡ್ರಿ. ಕೇಳಲಿಕ್ಕೆ ಚಂದ ಐತಿ. ಆದರೆ ನಮ್ಮ ನವಲಗುಂದ ತಾಲೂಕಿನ ಯಾವ ರೈತನನ್ನಾದರೂ ಕೇಳ್ರಿ, ಸಾಲ ಕೊಟ್ಟ ಸೊಸೈಟಿ ಪುಸ್ತಕ ತೆಗೆದು ಲೆಕ್ಕ ನೋಡ್ತದೋ, ಇಲ್ಲ ಸಾಲಗಾರನ ಮನೆ ಮುಂದೆ ನಿಂತು ಬರೀ ಸಲಹೆ ಕೊಡ್ತದೋ? ಆ 'ಸಲಹಾ ಮಂಡಳಿ' ಅನ್ನೋ ಕುರ್ಚಿ ಇವತ್ತಿಗೂ ಸವೆದಿಲ್ಲ. ಎಷ್ಟೋ ಸಂಸ್ಥೆಗಳಲ್ಲಿ 'ಸಮುದಾಯ ಸಲಹಾ ಸಮಿತಿ' ಅಂತ ನಮ್ಮನ್ನು ಅಲ್ಲಿಯೇ ಕೂಡಿಸ್ತಾರೆ.

ಕಾನೂನಿನ ಮಾತಿಗೆ ಬರ್ತೀನಿ. ಒಂದೇ ಊರಿನಲ್ಲಿ ಮೂರು ಬಗೆಯ ಕಮಿಟಿ ಇರ್ತಾವೆ. ಗ್ರಾಮ ಪಂಚಾಯ್ತಿಯಲ್ಲಿ 1993ರ ಕಾಯ್ದೆಯಿಂದ ನಮಗೂ ಹೆಣ್ಣುಮಕ್ಕಳಿಗೂ ಸೀಟು, ಅಧ್ಯಕ್ಷ ಸ್ಥಾನದಲ್ಲೂ ಸರದಿ. ಹಾಲಿನ ಸಂಘ, ಪತ್ತಿನ ಸಂಘದ ಆಡಳಿತ ಮಂಡಳಿಯಲ್ಲೂ ಸಹಕಾರಿ ಕಾಯ್ದೆ ಮೀಸಲು ಸ್ಥಾನ ಇಟ್ಟಿದೆ. ಆದರೆ ದಲಿತರ ಉದ್ಧಾರ ಅಂತಲೇ ಬೋರ್ಡು ಹಾಕಿಕೊಂಡ ಸಂಸ್ಥೆಗೆ ಅಂಥ ಯಾವ ಕಟ್ಟಳೆಯೂ ಇಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಮಂದಿ ಸೇರಿದ್ರೆ ಸಂಘ. ಗಂಡ, ಹೆಂಡತಿ, ಭಾವಮೈದ, ಇಬ್ಬರು ಗೆಳೆಯರು, ಅವರ ಹೆಂಡಂದಿರು, ಏಳು ಆಯಿತು. ಟ್ರಸ್ಟ್ ಆದರಂತೂ ಅಷ್ಟೂ ಮಂದಿ ಬೇಕಿಲ್ಲ, ಸತ್ತವರ ಜಾಗಕ್ಕೆ ಉಳಿದವರೇ ತಮಗೆ ಬೇಕಾದವರನ್ನು ತುಂಬಿಕೊಳ್ಳುವ ಹಂಗೆ ಡೀಡ್ ಬರೆಸಿರ್ತಾರೆ. ಅದೇ ಕಾಯ್ದೆಯ 25ನೇ ಕಲಮಿನಲ್ಲಿ ಮೂರನೇ ಒಂದು ಭಾಗದಷ್ಟು ಸದಸ್ಯರು ಅರ್ಜಿ ಕೊಟ್ರೆ ನೋಂದಣಾಧಿಕಾರಿ ವಿಚಾರಣೆ ಮಾಡಬೇಕು. ಸದಸ್ಯರು, ತಿಳೀತಲ್ಲ? ಫಲಾನುಭವಿಗಳಲ್ಲ. ಐದು ಸಾವಿರ ಫಲಾನುಭವಿಗಳಿರುವ ಸಂಸ್ಥೆಗೆ ಏಳೇ ಸದಸ್ಯರಿದ್ರೆ, ಪ್ರಶ್ನೆ ಕೇಳುವ ಹಕ್ಕು ಏಳು ಮಂದಿಗೆ. ನಮ್ಮನ್ನು ಫಲಾನುಭವಿ ಅಂತ ಕರೆಯೋದರಲ್ಲಿ ಅವಮಾನ ಇದೆ ಅನ್ನೋದು ಒಂದು ಮಾತು. ಅದಕ್ಕಿಂತ ದೊಡ್ಡದು, ಆ ಶಬ್ದಕ್ಕೆ ಕಾನೂನಿನಲ್ಲಿ ಬಾಯಿಲ್ಲ.

2020ರ ವಿದೇಶಿ ದೇಣಿಗೆ ಕಾಯ್ದೆ ತಿದ್ದುಪಡಿ ಇನ್ನೊಂದು ಪೆಟ್ಟು. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ದುಡ್ಡಿನಲ್ಲಿ ಸ್ವಲ್ಪವನ್ನು ಸಣ್ಣ ಸಂಘಕ್ಕೆ ದಾಟಿಸುವುದು ಬಂದ್ ಆಯಿತು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲಾರದ, ದಿಲ್ಲಿಯಲ್ಲಿ ಖಾತೆ ತೆರೆಯಲಾರದ ಕೇರಿಯ ಸಂಘಗಳು ಬದುಕಿದ್ದೇ ಆ ಸಣ್ಣ ಕಾಲುವೆಯಿಂದ. ಕಾಲುವೆಯ ಕಡೇ ಹೊಲಕ್ಕೆ ನೀರು ಮುಟ್ಟದಿರೋದು ಮಲಪ್ರಭೆಯ ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬರೀ ಸೀಟು ಸಿಕ್ರೆ ಮುಗೀತು ಅಂತ ನಾನು ಹೇಳ್ತಿಲ್ಲ. ಕಮಿಟಿಗೆ ಮೊರಬದ ಒಬ್ಬ ಅಕ್ಕನನ್ನು ತಗೊಂಡ್ರು ಅಂತಿಟ್ಟುಕೊಳ್ಳಿ. ಸಭೆ ಧಾರವಾಡದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಮೆಣಸಿನಕಾಯಿ ಬಿಡಿಸುವ ಸುಗ್ಗಿಯೊಳಗ. ಶಕ್ತಿ ಯೋಜನೆ ಬಂದಮೇಲೆ ಬಸ್ ಚಾರ್ಜು ಉಳೀತು, ಅವತ್ತಿನ ಪಗಾರ ಉಳೀಲಿಲ್ಲ. ಬೈಲಾ ಇಂಗ್ಲಿಷಿನಲ್ಲಿ, ಜಮಾ ಖರ್ಚು ಇಂಗ್ಲಿಷಿನಲ್ಲಿ. ಚಹಾ ಬರ್ತದೆ, ಸಹಿ ಪುಸ್ತಕ ಬರ್ತದೆ, ಆಕೆ ಸಹಿ ಮಾಡಿ ಬರ್ತಾಳೆ. ಸಭೆಯನ್ನು ಕೇರಿಯ ಸಮುದಾಯ ಭವನದಲ್ಲಿ ಸಂಜೆ ಮಾಡ್ರಿ, ಪಗಾರ ತುಂಬಿ ಕೊಡ್ರಿ, ಠರಾವನ್ನು ಕನ್ನಡದಲ್ಲಿ ಬರೆದು ಓದಿ ಹೇಳ್ರಿ, ಚೆಕ್ಕಿಗೆ ಎರಡನೇ ಸಹಿ ಆಕೆಯದಿರಲಿ. ಆಮೇಲೆ ಒಳಗೊಳ್ಳುವಿಕೆ ಅಂತ ಸ್ಲೈಡು ತೋರಿಸ್ರಿ, ನಾನೂ ಬಂದು ಕೂಡ್ತೀನಿ.

ನಮ್ಮ ಸಂಘಟನೆಗಳನ್ನು ಬಿಟ್ಟು ಮಾತಾಡಿದ್ರೆ ಅರ್ಧ ಮಾತಾಗ್ತದೆ. ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರು ಮತ್ತು ಜೊತೆಗಾರರು ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಅಧ್ಯಕ್ಷ ಅನ್ನದೆ 'ಸಂಚಾಲಕ' ಅಂದರು. ನಡೆಸುವವನು, ಕೂಡುವವನಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೀನಿ. ಸಮಿತಿ ಒಡೆದು ಬಣಗಳಾದ ಮೇಲೆ ಎಷ್ಟೋ ಕಡೆ ಸಂಚಾಲಕರು ನಡೆಯೋದು ಬಿಟ್ಟು ಕೂತೇ ಬಿಟ್ಟರು, ಹದಿನೈದು ವರ್ಷ, ಇಪ್ಪತ್ತು ವರ್ಷ. ತಾಲೂಕು ಸಂಚಾಲಕಿ ಅಂತ ಎಷ್ಟು ಹೆಸರು ನೆನಪಾಗ್ತವೆ ಎಣಿಸ್ರಿ. ಒಂದೇ ಕೇರಿಯೊಳಗ ಯಾವ ಒಳಜಾತಿಯವರು ಪದಾಧಿಕಾರಿಗಳು, ಯಾವ ಒಳಜಾತಿಯವರು ಬರೀ ಮೆರವಣಿಗೆಗೆ ಅನ್ನೋದನ್ನೂ ಎಣಿಸ್ರಿ. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಒಳಮೀಸಲಾತಿ ಕುರಿತು ಸರ್ಕಾರವನ್ನು ನಾವು ಕೇಳಿದ ಪ್ರಶ್ನೆ ನಮ್ಮ ಕಮಿಟಿಗಳಿಗೂ ಅನ್ವಯ ಆಗ್ತದೆ.

ಇನ್ನು ಕೆಲಸದ ಮಾತು. ಸಂಘದ ಬೈಲಾ, ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ ಇರ್ತಾವೆ, ಶುಲ್ಕ ಕಟ್ಟಿ ನೋಡಬಹುದು, ನಕಲು ತಗೋಬಹುದು. ಸರ್ಕಾರದ ದುಡ್ಡು ಗಣನೀಯವಾಗಿ ಪಡೆಯುವ ಸಂಸ್ಥೆ ಮಾಹಿತಿ ಹಕ್ಕಿನ ಕೆಳಗೂ ಬರ್ತದೆ ಅಂತ ಸುಪ್ರೀಂ ಕೋರ್ಟು 2019ರಲ್ಲಿ ಡಿ.ಎ.ವಿ. ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ, ಅರ್ಜಿಯಲ್ಲಿ ಅದನ್ನು ಬರೀರಿ. ಮೂರು ಕಾಲಮ್ಮು ಹಾಕ್ರಿ: ಸಂಸ್ಥೆ ಯಾರ ಹೆಸರಲ್ಲಿ ಕೆಲಸ ಮಾಡ್ತದೆ, ಕಮಿಟಿಯೊಳಗ ಯಾರದಾರ, ಚೆಕ್ಕಿಗೆ ಸಹಿ ಯಾರದು. ನವಲಗುಂದ, ಅಣ್ಣಿಗೇರಿ ತಾಲೂಕಿನದು ನಾವು ಕೆಲವರು ಶುರು ಮಾಡೀವಿ. ಕುಂದಗೋಳ, ಕಲಘಟಗಿ ಕಡೆಯವರು ಯಾರಾದ್ರೂ ಬರ್ತೀರೇನು?